ಯೂರೋಪಿನ ಸರ್ಕಾರಿ ಅಭಿವೃದ್ಧಿ ಬ್ಯಾಂಕುಗಳನ್ನು ಒಂದೇ ಪಟ್ಟಿಯಲ್ಲಿ ಹೋಲಿಸುವುದು ಹೇಗೆ?

ಕೋಟೆಕಲ್ಲು, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಎಂ.ಕಾಂ. ಎರಡನೇ ವರ್ಷದವರ ಸೆಮಿನಾರಿಗೆ ಯೂರೋಪಿನ ಸರ್ಕಾರಿ ಒಡೆತನದ ಅಭಿವೃದ್ಧಿ ಬ್ಯಾಂಕುಗಳ ಹೋಲಿಕೆ ಪಟ್ಟಿಯೊಂದು ಬೇಕಾಗಿದೆ. ಜರ್ಮನಿಯ ಕೆಎಫ್‌ಡಬ್ಲ್ಯು, ಫ್ರಾನ್ಸಿನ ಕೆಸ್ ದೆ ದೆಪೊ (ಮುಂದೆ ಸಿಡಿಸಿ ಅಂತ ಬರೆಯುತ್ತೇನೆ) ಮತ್ತು ಬಿಪಿಐಫ್ರಾನ್ಸ್, ಇಟಲಿಯ ಸಿಡಿಪಿ, ಸ್ಪೇನಿನ ಐಸಿಒ, ಪೋಲೆಂಡಿನ ಬಿಜಿಕೆ, ಈ ಆರನ್ನು ತೆಗೆದುಕೊಂಡಿದ್ದೇನೆ. ಸದ್ಯ ಇರುವ ಕಾಲಂಗಳು ನಾಲ್ಕು: ಸ್ಥಾಪನೆಯ ವರ್ಷ, ಒಡೆತನ, ಒಟ್ಟು ಆಸ್ತಿ, ವರ್ಷದಲ್ಲಿ ಕೊಟ್ಟ ಸಾಲ.

ತೊಡಕು ಮೂರು ಕಡೆ ಇದೆ. ಸಿಡಿಪಿಗೆ ಒಂದೇ ವರ್ಷಕ್ಕೆ ಎರಡು ಬೇರೆ ಬೇರೆ ಒಟ್ಟು ಆಸ್ತಿ ಸಿಗುತ್ತಿದೆ, ಎರಡೂ ಅದೇ ಬ್ಯಾಂಕಿನ ವರದಿಯಲ್ಲೇ ಇವೆ. ಬಿಪಿಐಫ್ರಾನ್ಸಿನ ಅಂಕಿಯನ್ನು ಸಿಡಿಸಿ ಜೊತೆ ಕೂಡಿಸಬೇಕೋ ಬೇಡವೋ ತಿಳಿಯುತ್ತಿಲ್ಲ. ಇನ್ನು 'ಕೊಟ್ಟ ಸಾಲ' ಅಂದರೆ ಒಂದು ಬ್ಯಾಂಕು ತಾನೇ ಕೊಟ್ಟದ್ದನ್ನಷ್ಟೇ ಹೇಳುತ್ತದೆ, ಇನ್ನೊಂದು ಬೇರೆಯವರ ಸಾಲಕ್ಕೆ ತಾನು ನಿಂತ ಗ್ಯಾರಂಟಿಯನ್ನೂ ಸೇರಿಸಿ ಹೇಳುತ್ತದೆ.

ಇಲ್ಲಿನ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಜೀನ್ಸ್ ಹೊಲಿಗೆ ಘಟಕ, ವಾಷಿಂಗ್ ಘಟಕ, ಅಕ್ಕಿ ಗಿರಣಿ ಇರುವ ಮನೆಗಳವರು. ಅವರು ಕೇಳುವುದು ಒಂದೇ: 20 ಯಂತ್ರ ಇಟ್ಟುಕೊಂಡವನಿಗೆ ಆ ದೇಶಗಳಲ್ಲಿ ಸಾಲ ಸಿಗುವ ದಾರಿ ಯಾವುದು, ಕಟ್ಟಲಾಗದಿದ್ದರೆ ನಷ್ಟ ಯಾರ ತಲೆಗೆ? ಈ ಪ್ರಶ್ನೆಗೆ ಉತ್ತರ ಸಿಗುವ ಹಾಗೆ ಪಟ್ಟಿ ಮಾಡಬೇಕು. ಬಲ್ಲವರು ದಾರಿ ತೋರಿಸಿ.

ಕೃಷ್ಣಾತೀರ, ರಾಯಚೂರು:

ಸರ್, ಒಟ್ಟು ಆಸ್ತಿಯ ಕಾಲಂ ಅನ್ನು ಮೊದಲು ಹೊಡೆದುಹಾಕಿ, ಅಥವಾ ಕೊನೆಗೆ ತಳ್ಳಿ. ಅಂಕಿ ಸುಳ್ಳಲ್ಲ. ಒಬ್ಬೊಬ್ಬರ ಲೆಕ್ಕದಲ್ಲಿ ಅದು ಒಂದೊಂದು ವಸ್ತುವನ್ನು ಅಳೆಯುತ್ತದೆ, ತೊಂದರೆ ಅಲ್ಲಿದೆ.

ಸಿಡಿಪಿಯ ಎರಡು ಅಂಕಿಗಳಲ್ಲಿ ಒಂದು ಬ್ಯಾಂಕಿನದು ಮಾತ್ರ, ಇನ್ನೊಂದು ಇಡೀ ಸಮೂಹದ್ದು. ಸಿಡಿಪಿ ಕೈಯಲ್ಲಿ ಅನಿಲ ಕೊಳವೆ ಜಾಲದ ಸ್ನಾಮ್, ವಿದ್ಯುತ್ ಪ್ರಸರಣದ ತೆರ್ನಾ, ಹಡಗು ಕಟ್ಟುವ ಫಿನ್‌ಕಾಂತಿಯೇರಿಯಂಥ ಕಂಪನಿಗಳ ಷೇರುಗಳಿವೆ. ಸಮೂಹದ ಲೆಕ್ಕ ತೆಗೆದುಕೊಂಡರೆ ಕೊಳವೆ, ಕಂಬ, ತಂತಿ ಎಲ್ಲ ಬಂದು 'ಬ್ಯಾಂಕಿನ ಆಸ್ತಿ' ಅಂತ ಕೂತುಬಿಡುತ್ತವೆ. ಸಾಲ ಕೊಡುವ ಶಕ್ತಿ ನೋಡಬೇಕಾದರೆ ಬ್ಯಾಂಕಿನ ಸ್ವಂತ ಲೆಕ್ಕ ಹಿಡಿಯಿರಿ.

ಸಿಡಿಸಿಯಲ್ಲಿ ಇದು ಇನ್ನೂ ದೊಡ್ಡ ಗುಂಡಿ. 2020ರ ಮಾರ್ಚಿನಲ್ಲಿ ಫ್ರಾನ್ಸಿನ ಅಂಚೆ ಸಂಸ್ಥೆಯ 66% ಷೇರು ಸಿಡಿಸಿ ಕೈಗೆ ಬಂತು. ಅಂಚೆ ಬ್ಯಾಂಕು, ವಿಮೆ ಎಲ್ಲ ಒಟ್ಟಾಗಿ ಸಮೂಹದ ಲೆಕ್ಕ ಒಂದೇ ವರ್ಷದಲ್ಲಿ 1 ಲಕ್ಷ ಕೋಟಿ ಯೂರೋ ದಾಟಿತು. ಅದೇ ಅಂಕಿಯನ್ನು ಹಿಂದಿನ ವರ್ಷದ ಪಕ್ಕ ಇಟ್ಟರೆ ಸಿಡಿಸಿ ಇದ್ದಕ್ಕಿದ್ದಂತೆ ಬೆಳೆದುಬಿಟ್ಟಿತು ಅಂತ ನಿಮ್ಮ ವಿದ್ಯಾರ್ಥಿ ಬರೆಯುತ್ತಾನೆ. ಬಿಪಿಐಫ್ರಾನ್ಸ್‌ನಲ್ಲಿ ಅರ್ಧ ಪಾಲು ಸರ್ಕಾರದ್ದು, ಅರ್ಧ ಸಿಡಿಸಿಯದು. ಹಾಗಾಗಿ ಅದರ ಪೂರ್ತಿ ಆಸ್ತಿಯನ್ನು ಸಿಡಿಸಿಗೆ ಕೂಡಿಸಬಾರದು, ಬೇರೆ ಸಾಲಿನಲ್ಲೇ ಇಡಿ.

ಕೆಎಫ್‌ಡಬ್ಲ್ಯು ಲೆಕ್ಕದೊಳಗೆ ಸರ್ಕಾರ ವಹಿಸಿದ ಕೆಲಸಗಳೂ ಇವೆ. ದೂರಸಂಪರ್ಕ ಮತ್ತು ಅಂಚೆ ಕಂಪನಿಗಳಲ್ಲಿ ಸರ್ಕಾರದ ಪರವಾಗಿ ಹಿಡಿದುಕೊಂಡ ಷೇರು, 2010ರಲ್ಲಿ ಗ್ರೀಸಿಗೆ ಜರ್ಮನಿಯ ಪಾಲಿನಿಂದ ಹೋದ ಸಾಲ, 2022ರಲ್ಲಿ ಅನಿಲದ ಬೆಲೆ ಏರಿದಾಗ ಇಂಧನ ಕಂಪನಿಗಳಿಗೆ ತೆರೆದ ಸಾಲ, ಇವೆಲ್ಲ ಸಣ್ಣ ಉದ್ಯಮದ ಸಾಲವಲ್ಲ. ಬಿಜಿಕೆ ತನ್ನ ಲೆಕ್ಕದ ಹೊರಗೆ ರಾಷ್ಟ್ರೀಯ ರಸ್ತೆ ನಿಧಿಯನ್ನೂ ಕೋವಿಡ್ ನಿಧಿಯನ್ನೂ ನಡೆಸುತ್ತದೆ. ಆ ನಿಧಿಗಳ ಸಾಲ ಯೂರೋಪಿನ ಲೆಕ್ಕಪದ್ಧತಿಯಲ್ಲಿ ಸರ್ಕಾರದ ಸಾಲ. ಪೋಲೆಂಡಿನ ದೇಶೀ ಪದ್ಧತಿಯಲ್ಲಿ ಅಲ್ಲ. ಪೋಲೆಂಡಿನ ಸಾಲದ ಬಗ್ಗೆ ಎರಡು ಅಂಕಿ ಓಡಾಡುವುದಕ್ಕೆ ಇದೇ ಮುಖ್ಯ ಕಾರಣ.

ಇದರ ಬದಲು ಮೂರು ಕಾಲಂ ಹಾಕಿ: ದುಡ್ಡು ಎಲ್ಲಿಂದ ಬರುತ್ತದೆ, ಕೌಂಟರಿನಲ್ಲಿ ಕೂರುವವರು ಯಾರು, ಸಾಲ ಮುಳುಗಿದರೆ ಯಾರ ಗಂಟು ಹೋಗುತ್ತದೆ.

ಮೊದಲನೆಯದು ನಾನು ಹೇಳುತ್ತೇನೆ. ಇಲ್ಲಿ ಎರಡು ಮನೆತನಗಳಿವೆ. ಒಂದು ಬಾಂಡಿನ ಮನೆತನ. ಕೆಎಫ್‌ಡಬ್ಲ್ಯು ಹುಟ್ಟಿದ್ದು 1948ರಲ್ಲಿ, ಯುದ್ಧದಲ್ಲಿ ಹಾಳಾದ ದೇಶವನ್ನು ಕಟ್ಟಲು, ಮಾರ್ಷಲ್ ಯೋಜನೆಯ (ಯುದ್ಧದ ನಂತರ ಯೂರೋಪಿಗೆ ಅಮೆರಿಕ ಕೊಟ್ಟ ನೆರವು) ದುಡ್ಡಿನಲ್ಲಿ. 80% ಕೇಂದ್ರದ್ದು, 20% ರಾಜ್ಯಗಳದ್ದು. ಜನರಿಂದ ಠೇವಣಿ ತೆಗೆದುಕೊಳ್ಳುವುದಿಲ್ಲ, ಶಾಖೆಗಳಿಲ್ಲ. ಜಗತ್ತಿನ ಮಾರುಕಟ್ಟೆಗಳಲ್ಲಿ ಬಾಂಡ್ ಮಾರಿ ದುಡ್ಡೆತ್ತುತ್ತದೆ. ಆ ಬಾಂಡಿಗೆ ಜರ್ಮನ್ ಸರ್ಕಾರದ ನೇರ ಗ್ಯಾರಂಟಿ ಇದೆ, 1998ರಿಂದ ಅದು ಕಾನೂನಿನಲ್ಲೇ ಬರೆದಿದೆ. ಹೀಗಾಗಿ ಸರ್ಕಾರಕ್ಕೆ ಸಿಗುವಷ್ಟೇ ಅಗ್ಗದಲ್ಲಿ ಹೆಚ್ಚುಕಡಿಮೆ ಇದಕ್ಕೂ ದುಡ್ಡು ಸಿಗುತ್ತದೆ. ಲಾಭ ಹಂಚುವ ಹಾಗಿಲ್ಲ, ಆದಾಯ ತೆರಿಗೆಯೂ ಇಲ್ಲ. ಉಳಿದದ್ದೆಲ್ಲ ಬಂಡವಾಳಕ್ಕೇ ಸೇರುತ್ತದೆ. 1971ರಲ್ಲಿ ಆರಂಭವಾದ ಐಸಿಒ ಕೂಡ ಇದೇ ಮನೆತನದ್ದು, ಅದರ ಬಾಂಡಿಗೂ ಸ್ಪೇನ್ ಸರ್ಕಾರದ ಗ್ಯಾರಂಟಿ ಇದೆ.

ಇನ್ನೊಂದು ಉಳಿತಾಯದ ಮನೆತನ. 1816ರ ಸಿಡಿಸಿ, 1850ರಲ್ಲಿ ತುರಿನ್ ನಗರದಲ್ಲಿ ಹುಟ್ಟಿದ ಸಿಡಿಪಿ. ನಮ್ಮ ಅಂಚೆ ಕಚೇರಿಯ ಉಳಿತಾಯ ಪುಸ್ತಕ ನೆನೆಸಿಕೊಳ್ಳಿ. ಇಟಲಿಯಲ್ಲಿ ಅಂಚೆಯಲ್ಲಿ ಜನ ಇಟ್ಟ ಉಳಿತಾಯ ಸಿಡಿಪಿಗೆ ಹೋಗುತ್ತದೆ. ಫ್ರಾನ್ಸಿನಲ್ಲಿ 'ಲಿವ್ರೆ ಆ' ಅನ್ನುವ ತೆರಿಗೆರಹಿತ ಪುಸ್ತಕವನ್ನು ಯಾವ ಬ್ಯಾಂಕಿನಲ್ಲಿ ಬೇಕಾದರೂ ತೆರೆಯಬಹುದು, ಒಬ್ಬರಿಗೆ 22,950 ಯೂರೋ ಮಿತಿ. ಹಾಗೆ ಸೇರಿದ ದುಡ್ಡಿನಲ್ಲಿ ಸುಮಾರು 60% ಸಿಡಿಸಿಯ ನಿಧಿಗೆ ಬರಬೇಕು. ಅದರಿಂದ ಬಡವರ ಬಾಡಿಗೆ ಮನೆಗಳನ್ನು ಕಟ್ಟಿಸಲು ದಶಕಗಟ್ಟಲೆ ಅವಧಿಯ ಸಾಲ ಕೊಡುತ್ತಾರೆ. ಜಮೀನು ಕೊಳ್ಳಲಾದರೆ 80 ವರ್ಷದ ಸಾಲವೂ ಇದೆ.

ಈ ಎರಡನೇ ಮನೆತನದಲ್ಲಿ ಕೆಡುವುದು ಬಡ್ಡಿಯ ಕಡೆಯಿಂದ. ಮನೆ ಕಟ್ಟಿಸುವ ಸಂಸ್ಥೆಗೆ ಕೊಡುವ ಮುಖ್ಯ ಸಾಲದ ದರ 'ಲಿವ್ರೆ ಆ' ದರಕ್ಕೆ 0.6% ಕೂಡಿಸಿದಷ್ಟು. ಅತಿ ಬಡವರ ಮನೆಗಳಿಗಾದರೆ 'ಲಿವ್ರೆ ಆ' ದರಕ್ಕಿಂತಲೂ ತುಸು ಕಡಿಮೆ. 2022ರ ಜನವರಿಯವರೆಗೆ ಆ ಪುಸ್ತಕದ ಬಡ್ಡಿ 0.5% ಇತ್ತು, 2023ರ ಫೆಬ್ರವರಿಗೆ 3% ಆಯಿತು. ಉಳಿತಾಯ ಮಾಡಿದವನಿಗೆ ಸಂತೋಷ. ಆದರೆ ಹಳೆಯ ಸಾಲಗಳ ದರವೂ ಅದರ ಬಾಲ ಹಿಡಿದು ಏರಿತು. ಬಾಡಿಗೆಯನ್ನು ಅಷ್ಟು ಬೇಗ ಏರಿಸಲಾಗದ ಸಂಸ್ಥೆಗಳು ಹೊಸ ಮನೆ ಕಟ್ಟುವ ಯೋಜನೆಗಳನ್ನು ಮುಂದಕ್ಕೆ ಹಾಕಬೇಕಾಯಿತು. ದುಡ್ಡಿನ ಮೂಲವೇ ಸಾಲಗಾರನ ಕಂತನ್ನು ತೀರ್ಮಾನಿಸುತ್ತದೆ ಅನ್ನುವುದನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಭತ್ತದಕಣಜ, ಗಂಗಾವತಿ:

ಕೌಂಟರಿನ ವಿಷಯ ನಾ ಹೇಳ್ತೀನ್ರಿ ಸರ. ನಿಮ್ಮ ಹುಡುಗ್ರು ಕೇಳಿದ್ದು ಬರೋಬ್ಬರಿ ಪ್ರಶ್ನೆ, ಎಲ್ಲಾ ಗುಟ್ಟು ಅಲ್ಲೇ ಐತಿ.

ಜರ್ಮನಿಯೊಳಗ ಸಣ್ಣ ಉದ್ದಿಮೆದಾರ ಕೆಎಫ್‌ಡಬ್ಲ್ಯು ಬಾಗಿಲಿಗೆ ಹೋಗಂಗಿಲ್ಲ. ತನ್ನ ಖಾತೆ ಇರೋ ಬ್ಯಾಂಕಿಗೆ ಹೋಗ್ತಾನ. ಅದು ಊರಿನ ಉಳಿತಾಯ ಬ್ಯಾಂಕಾದ ಸ್ಪಾರ್‌ಕಾಸ್ಸೆ ಇರಬಹುದು, ಸಹಕಾರಿ ಬ್ಯಾಂಕ್ ಇರಬಹುದು. ಅದಕ್ಕ ಅವರು ಮನೆಬ್ಯಾಂಕ್ ಪದ್ಧತಿ ಅಂತಾರ. ಉದಾಹರಣೆಗೆ ಒಬ್ಬ 4 ಲಕ್ಷ ಯೂರೋದ ಯಂತ್ರ ತರಬೇಕು ಅಂತ ಇಟಗೊಳ್ರಿ. ಕೆಲಸ ಹಿಂಗ ನಡೀತೈತಿ.

ಮೊದಲು ಮನೆಬ್ಯಾಂಕು ಅವನ ಲೆಕ್ಕಪತ್ರ ನೋಡಿ ಒಂದು ವರ್ಷದೊಳಗ ಸುಸ್ತಿ ಆಗೋ ಸಂಭವ ಎಷ್ಟು ಅಂತ ಶೇಕಡಾ ಹಾಕತೈತಿ. 0.10% ಒಳಗಿದ್ರ 1ನೇ ದರ್ಜೆ, 0.40% ತನಕ 2, 1.20% ತನಕ 3, 1.80% ತನಕ 4, 2.80% ತನಕ 5, 5.50% ತನಕ 6, 10% ತನಕ 7. ಹತ್ತು ದಾಟಿದ್ರ ಸಾಲ ಇಲ್ಲ. ಆಮೇಲೆ ಅಡಮಾನ ನೋಡ್ತಾರ. ಮಾರಿದ್ರ ಸಾಲದ 70% ಅಥವಾ ಹೆಚ್ಚು ವಸೂಲಾಗೋ ಹಂಗಿದ್ರ 1ನೇ ವರ್ಗ, 40ರಿಂದ 70ರ ನಡುವ ಇದ್ರ 2, 40 ಅಥವಾ ಅದಕ್ಕೂ ಕಡಿಮಿ ಇದ್ರ 3. ಎರಡನ್ನೂ ಕೂಡಿಸಿ ಎ ಇಂದ ಐ ತನಕ ಒಂಬತ್ತು ಬೆಲೆ ವರ್ಗ ಮಾಡ್ಯಾರ. ಪ್ರತಿ ವರ್ಗಕ್ಕ ಗರಿಷ್ಠ ಬಡ್ಡಿ ಎಷ್ಟು ಅಂತ ಕೆಎಫ್‌ಡಬ್ಲ್ಯು ಪ್ರಕಟ ಮಾಡತೈತಿ, ಬ್ಯಾಂಕು ಅದಕ್ಕಿಂತ ಹೆಚ್ಚು ಹಾಕಂಗಿಲ್ಲ. 2005ರಿಂದ ಇದೇ ಪದ್ಧತಿ. ಅದಕ್ಕ ಮೊದಲು ಎಲ್ಲರಿಗೂ ಒಂದೇ ದರ ಇತ್ತು. ಆಗ ಬಲಿಷ್ಠ ಗಿರಾಕಿಗೆ ಮಾತ್ರ ಬ್ಯಾಂಕುಗಳು ಈ ಸಾಲ ಮಾಡಿಸ್ತಿದ್ವು. ಸಣ್ಣವನ ಅಪಾಯಕ್ಕ ತಕ್ಕ ಬೆಲೆ ಸಿಗಂಗಿಲ್ಲ ಅಂತ ಅವನನ್ನ ಹಿಂದಕ್ಕ ಕಳಸ್ತಿದ್ವು.

ಇಲ್ಲಿ ಬಹಳ ಮಂದಿ ಎಡವೋ ಜಾಗ ಒಂದೈತಿ. ಯಂತ್ರದ ಆರ್ಡರಿಗೆ ಸಹಿ ಹಾಕೋ ಮೊದಲೇ ಮನೆಬ್ಯಾಂಕಿನ್ಯಾಗ ಅರ್ಜಿ ಬೀಳಬೇಕು. ಮೊದಲು ಆರ್ಡರ್ ಕೊಟ್ಟು ಆಮೇಲೆ ಅರ್ಜಿ ಅಂದ್ರ ಕತಿ ಮುಗೀತು. ಸರ್ಕಾರದ ನೆರವು ಇಲ್ಲದೇನೂ ನೀ ಈ ಕೆಲಸ ಮಾಡ್ತಿದ್ದಿ, ನಿನಗ ಯಾಕ ನೆರವು ಅನ್ನೋದು ಅವರ ತರ್ಕ. ಇನ್ನ ಮಂಜೂರಾದ ದುಡ್ಡನ್ನ ಗೊತ್ತು ಮಾಡಿದ ತಿಂಗಳೊಳಗ ಎತ್ತದಿದ್ರ, ಎತ್ತದೇ ಉಳಿದಿದ್ದಕ್ಕ ತಿಂಗಳಿಗೆ 0.15% ಶುಲ್ಕ ಬೀಳೋ ಯೋಜನೆಗಳು ಅದಾವ. ಇದನ್ನ ಖರ್ಚಿನ ಅಂದಾಜಿನ್ಯಾಗ ಹಾಕದೇ ಬಿಟ್ರ ಬಡ್ಡಿ ಅಗ್ಗ ಅನಿಸಿದ್ದು ಅಗ್ಗ ಆಗಂಗಿಲ್ಲ.

ಈಗ ನಷ್ಟದ ಮಾತು. ಸಾಲದ ಕರಾರು ಎರಡು: ಕೆಎಫ್‌ಡಬ್ಲ್ಯುಗೂ ಮನೆಬ್ಯಾಂಕಿಗೂ ಒಂದು, ಮನೆಬ್ಯಾಂಕಿಗೂ ಗಿರಾಕಿಗೂ ಒಂದು. ಹೊಣೆ ವಿನಾಯಿತಿ, ಅಂದ್ರ ನಷ್ಟದ ಒಂದು ಪಾಲು ಕೆಎಫ್‌ಡಬ್ಲ್ಯು ಹೊರೋ ಕರಾರು, ಏನೂ ತಗೊಳ್ಳದಿದ್ರ ಗಿರಾಕಿ ಮುಳುಗಿದ್ರೂ ಮನೆಬ್ಯಾಂಕು ಕೆಎಫ್‌ಡಬ್ಲ್ಯುಗೆ ಪೂರ್ತಿ ಕಟ್ಟಬೇಕು. 50% ಹೊಣೆ ವಿನಾಯಿತಿ ಇದ್ರ ಲೆಕ್ಕ ಹಿಂಗ. 4 ಲಕ್ಷದೊಳಗ 1 ಲಕ್ಷ ಕಟ್ಯಾನ, 3 ಲಕ್ಷ ಬಾಕಿ. ಯಂತ್ರ ಹರಾಜು ಹಾಕಿದ್ರ 1.2 ಲಕ್ಷ ಬಂತು. ನಷ್ಟ 1.8 ಲಕ್ಷ. ಅದರಾಗ 90 ಸಾವಿರ ಕೆಎಫ್‌ಡಬ್ಲ್ಯು ತಲೆಗೆ, 90 ಸಾವಿರ ಮನೆಬ್ಯಾಂಕಿನ ತಲೆಗೆ. ಹರಾಜಿನ ದುಡ್ಡಿನ್ಯಾಗ ನನ್ನ ಪಾಲು ಮೊದಲು ತಗೋತೀನಿ ಅಂತ ಮನೆಬ್ಯಾಂಕು ಅನ್ನಂಗಿಲ್ಲ, ಅಡಮಾನ ಪೂರ್ತಿ ಸಾಲಕ್ಕ ಪಾಲಿನ ಪ್ರಕಾರ ಸಲ್ಲತೈತಿ. ಹೊಸದಾಗಿ ಉದ್ದಿಮಿ ಶುರು ಮಾಡೋರ ಸಣ್ಣ ಸಾಲಕ್ಕ ಈ ವಿನಾಯಿತಿ 80% ತನಕ ಐತಿ.

ಅಡಮಾನ ಇಲ್ಲದವನಿಗೆ ಇನ್ನೊಂದು ಕದ ಐತಿ. ಪ್ರತಿ ರಾಜ್ಯದಾಗೂ ಗ್ಯಾರಂಟಿ ಬ್ಯಾಂಕುಗಳು ಅದಾವ, ಸಾಮಾನ್ಯವಾಗಿ 80% ತನಕ ನಿಲ್ತಾವ. ಅವುಗಳ ಬೆನ್ನಿಗೆ ಕೇಂದ್ರ, ರಾಜ್ಯ ಎರಡೂ ಮರುಗ್ಯಾರಂಟಿ ಕೊಟ್ಟಾವ.

ಕೋಟೆಕಲ್ಲು, ಬಳ್ಳಾರಿ:

ಇಬ್ಬರಿಗೂ ಧನ್ಯವಾದ. ಇಷ್ಟು ಬಿಡಿಸಿ ಹೇಳಿದ್ದು ಎಲ್ಲೂ ಸಿಕ್ಕಿರಲಿಲ್ಲ. ಇನ್ನೊಂದು ಕೇಳಬೇಕು. ನಷ್ಟದ ಅರ್ಧ ತನ್ನ ತಲೆಗೇ ಇದ್ದರೆ ಮನೆಬ್ಯಾಂಕು ಬಾಗಿಲಲ್ಲೇ ತಡೆದು ನಿಲ್ಲಿಸುವುದಿಲ್ಲವೇ? ಹಾಗಾದರೆ ನೇರವಾಗಿ ಸಾಲ ಕೊಡುವ ಬಿಪಿಐಫ್ರಾನ್ಸ್ ಪದ್ಧತಿಯೇ ಸಣ್ಣವರಿಗೆ ಮೇಲಲ್ಲವೇ?

ಭತ್ತದಕಣಜ, ಗಂಗಾವತಿ:

ತಡೀತಾವ್ರಿ, ಅದು ಖರೇನ. 2020ರೊಳಗ ಎಲ್ಲರಿಗೂ ಕಣ್ಣಿಗೆ ಬಿತ್ತು. ಮಾರ್ಚ್ 23ಕ್ಕ ಜರ್ಮನಿ ಕೋವಿಡ್ ಸಾಲ ಶುರು ಮಾಡ್ತು, ಸಣ್ಣ ಮತ್ತು ಮಧ್ಯಮ ಉದ್ದಿಮೆಗೆ 90% ಹೊಣೆ ಕೆಎಫ್‌ಡಬ್ಲ್ಯುದು. ಬ್ಯಾಂಕಿನ ತಲೆಗೆ ಬರೀ 10%. ಆದ್ರೂ ಆ ಹತ್ತಕ್ಕಾಗಿ ಬ್ಯಾಂಕು ಪೂರ್ತಿ ತಪಾಸಣೆ ಮಾಡಬೇಕಿತ್ತು, ಮುಂದಿನ ವರ್ಷ ವ್ಯಾಪಾರ ಹೆಂಗಿರತೈತಿ ಅಂತ ಅಂದಾಜು ಹಾಕಬೇಕಿತ್ತು. ಅಂಗಡಿಗೆ ಬೀಗ ಬಿದ್ದಾಗ ಆ ಅಂದಾಜು ಯಾರು ಹಾಕ್ತಾರ? ಮೂರು ವಾರದಾಗ, ಏಪ್ರಿಲ್ 15ರಿಂದ 100% ಹೊಣೆಯ ತುರ್ತು ಸಾಲ ತಂದ್ರು. 50 ಕೆಲಸಗಾರರ ತನಕ ಇದ್ರ 5 ಲಕ್ಷ ಯೂರೋ, ಅದಕ್ಕಿಂತ ಹೆಚ್ಚಿದ್ರ 8 ಲಕ್ಷ, ಬಡ್ಡಿ 3%, ಅವಧಿ 10 ವರ್ಷ, ಅಡಮಾನ ಇಲ್ಲ. ಮುಂದಿನ ವ್ಯಾಪಾರದ ಅಂದಾಜು ಕೇಳೋದನ್ನೇ ಬಿಟ್ಟರು, ಹಿಂದಿನ ಲಾಭದ ಲೆಕ್ಕ ನೋಡಿದ್ರು.

ಆದ್ರ ಇದರಿಂದ ಮನೆಬ್ಯಾಂಕ್ ಪದ್ಧತೀನೇ ಕೆಟ್ಟದ್ದು ಅನಬ್ಯಾಡ್ರಿ. ನನ್ನ ಮಟ್ಟಿಗೆ ಸಣ್ಣ ಸಾಲಕ್ಕ ಅದೇ ಸರಿ. ಊರ ಬ್ಯಾಂಕಿಗೆ ಗಿರಾಕಿಯ ಹತ್ತು ವರ್ಷದ ಖಾತೆ ಗೊತ್ತಿರತೈತಿ, ಫ್ರಾಂಕ್‌ಫರ್ಟಿನ್ಯಾಗ ಕುಂತವನಿಗೆ ಅದು ಗೊತ್ತಾಗಂಗಿಲ್ಲ. ತನ್ನ ದುಡ್ಡೂ ಒಂದಿಷ್ಟು ಅದರಾಗ ಇದ್ರನ ಬ್ಯಾಂಕು ಕಣ್ಣು ತೆರೆದು ನೋಡೋದು.

ಹೂಬಳ್ಳಿ, ರಾಯಚೂರು:

ಅಣ್ಣಾ, ನೀವು ಹೇಳಿದ್ದು ಜರ್ಮನಿಗೆ ಸರಿ, ಏಕೆಂದರೆ ಅಲ್ಲಿ ಊರೂರಿಗೂ ಸ್ಪಾರ್‌ಕಾಸ್ಸೆ ಇದೆ. ಆ ಜಾಲ ಇಲ್ಲದ ದೇಶಕ್ಕೆ ಅದೇ ಅಳತೆಗೋಲು ಹಿಡಿಯಬಾರದು.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 2012ರ ಡಿಸೆಂಬರ್ 31ರ ಕಾನೂನಿನಿಂದ ಮೂರು ಸಂಸ್ಥೆಗಳನ್ನು ಒಂದುಗೂಡಿಸಿ ಬಿಪಿಐಫ್ರಾನ್ಸ್ ಮಾಡಿದರು. ಸುಮಾರು 50 ಪ್ರಾದೇಶಿಕ ಕಚೇರಿಗಳಿವೆ, ಹೆಚ್ಚಿನ ತೀರ್ಮಾನಗಳು ಅಲ್ಲೇ ಆಗುತ್ತವೆ. ಆದರೆ ಕೋಟೆಕಲ್ಲು ಸರ್, 'ನೇರ ಸಾಲ' ಅನ್ನುವುದನ್ನು ಎಚ್ಚರದಿಂದ ಬರೆಯಿರಿ. ಬಿಪಿಐಫ್ರಾನ್ಸ್ ಸಾಮಾನ್ಯವಾಗಿ ಒಂಟಿಯಾಗಿ ಸಾಲ ಕೊಡುವುದಿಲ್ಲ. ತಾನು 1 ಯೂರೋ ಕೊಟ್ಟರೆ ಪಕ್ಕದಲ್ಲಿ ಖಾಸಗಿ ಬ್ಯಾಂಕಿನ 1 ಯೂರೋ ಇರಬೇಕು ಅನ್ನುವುದು ಅವರ ವಾಡಿಕೆ. ಅಡಮಾನ ಕೇಳದ ಸಾಲ ಅವರದು, ಯಂತ್ರ ಕಟ್ಟಡಗಳ ಮೇಲಿನ ಹಕ್ಕು ಖಾಸಗಿ ಬ್ಯಾಂಕಿಗೆ. ಅಂದರೆ ಕೌಂಟರು ಎರಡು, ಅರ್ಜಿ ಎರಡು. ಇದರ ಹೊರತಾಗಿ ಖಾಸಗಿ ಬ್ಯಾಂಕಿನ ಸಾಲಕ್ಕೆ 40ರಿಂದ 70% ಗ್ಯಾರಂಟಿಯನ್ನೂ ಕೊಡುತ್ತದೆ. ನಿಮ್ಮ 'ಕೊಟ್ಟ ಸಾಲ' ಕಾಲಂ ಕೆಟ್ಟದ್ದು ಇಲ್ಲೇ. ನೇರ ಸಾಲ, ಬ್ಯಾಂಕಿನ ಮೂಲಕ ಕೊಟ್ಟ ಸಾಲ, ಗ್ಯಾರಂಟಿ, ಷೇರು ಹೂಡಿಕೆ, ನಾಲ್ಕನ್ನೂ ಬೇರೆ ಬೇರೆ ಬರೆಯಿರಿ. 100 ರೂಪಾಯಿ ಗ್ಯಾರಂಟಿ ಕೊಟ್ಟ ದಿನ ಬ್ಯಾಂಕಿನಿಂದ ಒಂದು ಪೈಸೆಯೂ ಹೊರಗೆ ಹೋಗಿರುವುದಿಲ್ಲ. ಅದನ್ನು 100 ರೂಪಾಯಿ ಸಾಲದ ಜೊತೆ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ.

ಗ್ಯಾರಂಟಿಯನ್ನು ಅರ್ಥ ಮಾಡಿಸಲು ಪೋಲೆಂಡನ್ನು ತೆಗೆದುಕೊಳ್ಳಿ. 1924ರ ಬಿಜಿಕೆ 2013ರ ಮಾರ್ಚಿನಲ್ಲಿ 'ಡಿ ಮಿನಿಮಿಸ್ ಗ್ಯಾರಂಟಿ' ಆರಂಭಿಸಿತು. ಸಾಲದ 60%, ಗರಿಷ್ಠ 35 ಲಕ್ಷ ಜ್ಲಾಟಿ (ಪೋಲೆಂಡಿನ ನಾಣ್ಯ). ಕೋವಿಡ್ ಕಾಲದಲ್ಲಿ 80%ಗೆ ಏರಿಸಿದರು. ಉದ್ಯಮಿ ಬಿಜಿಕೆಗೆ ಹೋಗುವುದೇ ಇಲ್ಲ, ಸಾಲದ ಅರ್ಜಿಯ ಜೊತೆಗೇ ಬ್ಯಾಂಕಿನಲ್ಲಿ ಗ್ಯಾರಂಟಿ ಅರ್ಜಿ ಕೊಟ್ಟು, ಮೊತ್ತ ಬರೆಯದೆ ಸಹಿ ಮಾಡಿದ ಪ್ರಾಮಿಸರಿ ನೋಟ್ ಒಪ್ಪಿಸುತ್ತಾನೆ. ಈಗ 10 ಲಕ್ಷ ಜ್ಲಾಟಿ ಸಾಲ, 9 ಲಕ್ಷ ಬಾಕಿ ಇರುವಾಗ ನಿಂತುಹೋಯಿತು ಅನ್ನಿ. ಬಿಜಿಕೆ ಬ್ಯಾಂಕಿಗೆ 5.4 ಲಕ್ಷ ಕೊಡುತ್ತದೆ. ಅಲ್ಲಿಗೆ ಸಾಲ ಮನ್ನಾ ಆಗಲಿಲ್ಲ. ಆ 5.4 ಲಕ್ಷಕ್ಕೆ ಉದ್ಯಮಿ ಇನ್ನು ಮುಂದೆ ಬಿಜಿಕೆಗೆ ಸಾಲಗಾರ, ಆ ನೋಟು ಕೆಲಸಕ್ಕೆ ಬರುವುದು ಆಗ. ಗ್ಯಾರಂಟಿ ಇರುವುದು ಬ್ಯಾಂಕಿನ ರಕ್ಷಣೆಗೆ, ಸಾಲಗಾರನ ರಕ್ಷಣೆಗಲ್ಲ. ನಮ್ಮ ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮದ ಸಾಲಕ್ಕೆ ನಿಲ್ಲುವ ನಿಧಿ) ಗ್ಯಾರಂಟಿಯೂ ಇದೇ ತತ್ವದ್ದು. ಸರ್ಕಾರ ಗ್ಯಾರಂಟಿ ಕೊಟ್ಟಿದೆಯಲ್ಲ, ಕಟ್ಟದಿದ್ದರೂ ನಡೆಯುತ್ತದೆ ಅಂದುಕೊಳ್ಳುವವರು ಇಲ್ಲಿಯೂ ಇದ್ದಾರೆ. ವಿದ್ಯಾರ್ಥಿಗಳಿಗೆ ಇದನ್ನು ಗಟ್ಟಿಯಾಗಿ ಹೇಳಿ.

'ಡಿ ಮಿನಿಮಿಸ್' ಅನ್ನುವ ಹೆಸರು ಯೂರೋಪಿನ ಸರ್ಕಾರಿ ನೆರವಿನ ನಿಯಮದಿಂದ ಬಂದದ್ದು. ಸರ್ಕಾರವೊಂದು ತನ್ನ ಕಂಪನಿಗಳಿಗೆ ನೆರವು ಕೊಟ್ಟು ನೆರೆ ದೇಶದವರ ಹೊಟ್ಟೆಗೆ ಹೊಡೆಯಬಾರದು ಅಂತ ಯೂರೋಪಿಯನ್ ಆಯೋಗ ಕಾಯುತ್ತದೆ. ಸಣ್ಣ ಮೊತ್ತಕ್ಕೆ ಮಾತ್ರ ರಿಯಾಯಿತಿ: 2024ರ ಜನವರಿ 1ರಿಂದ ಒಂದು ಉದ್ಯಮಕ್ಕೆ ಮೂರು ವರ್ಷದಲ್ಲಿ 3 ಲಕ್ಷ ಯೂರೋ (ಮೊದಲು 2 ಲಕ್ಷ ಇತ್ತು). ಇಲ್ಲಿ ಲೆಕ್ಕಕ್ಕೆ ಬರುವುದು ಸಾಲದ ಮೊತ್ತವಲ್ಲ, ಅದರೊಳಗೆ ಅಡಗಿರುವ ನೆರವು. ಸಾಲದ 80% ಮೀರದ, 5 ವರ್ಷದ ಗ್ಯಾರಂಟಿಯಾದರೆ 22.5 ಲಕ್ಷ ಯೂರೋ ಗ್ಯಾರಂಟಿಗೆ 3 ಲಕ್ಷ ನೆರವು ಅಂತ ಹಿಡಿಯುತ್ತಾರೆ. 10 ವರ್ಷದ್ದಾದರೆ 11.25 ಲಕ್ಷಕ್ಕೇ 3 ಲಕ್ಷ. ಹಾಗಾಗಿ 5 ವರ್ಷಕ್ಕೆ 6 ಲಕ್ಷ ಯೂರೋ ಗ್ಯಾರಂಟಿ ಪಡೆದವನ ಲೆಕ್ಕದಲ್ಲಿ 80 ಸಾವಿರ ಖರ್ಚಾಗಿ 2.2 ಲಕ್ಷ ಉಳಿಯುತ್ತದೆ. ಅಣ್ಣ ತಮ್ಮ ಎರಡು ಹೆಸರಿನಲ್ಲಿ ಕಂಪನಿ ಮಾಡಿಕೊಂಡರೂ ಹಿಡಿತ ಒಬ್ಬನ ಕೈಯಲ್ಲಿದ್ದರೆ ಎರಡೂ ಸೇರಿ ಒಂದೇ ಉದ್ಯಮ ಅಂತ ಎಣಿಸುತ್ತಾರೆ. ಅದನ್ನು ಮರೆತು ಅರ್ಜಿ ಹಾಕಿದವರು ಬಡ್ಡಿ ಸಮೇತ ನೆರವು ಹಿಂದಿರುಗಿಸಬೇಕಾಗುತ್ತದೆ.

ಕೃಷ್ಣಾತೀರ, ರಾಯಚೂರು:

ಹೂಬಳ್ಳಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಈ ನೆರವಿನ ನಿಯಮ ಬ್ಯಾಂಕುಗಳ ಆಕಾರವನ್ನೇ ಬದಲಿಸಿದೆ. ಸರ್ಕಾರದ ಗ್ಯಾರಂಟಿಯಲ್ಲಿ ಅಗ್ಗದ ದುಡ್ಡೆತ್ತಿ ಖಾಸಗಿ ಬ್ಯಾಂಕುಗಳ ಜೊತೆ ಪೈಪೋಟಿಗೆ ಇಳಿಯುವುದು ಅನ್ಯಾಯ ಅಂತ ಜರ್ಮನಿಯ ಮೇಲೆ ಒತ್ತಡ ಬಂತು. 2002ರಲ್ಲಿ ಆಯೋಗದ ಜೊತೆ ಒಪ್ಪಂದವಾಗಿ, ಉತ್ತೇಜನದ ಕೆಲಸಕ್ಕೆ ಮಾತ್ರ ಗ್ಯಾರಂಟಿ ಉಳಿಯಿತು. ವ್ಯಾಪಾರಿ ದರದ ರಫ್ತು ಸಾಲದ ಕೆಲಸವನ್ನು ಐಪೆಕ್ಸ್ ಬ್ಯಾಂಕ್ ಅಂತ ಬೇರೆ ಮಾಡಿದರು, 2008ರ ಜನವರಿ 1ರಿಂದ ಅದು ಕಾನೂನಿನ ಪ್ರಕಾರ ಪ್ರತ್ಯೇಕ, ಅದಕ್ಕೆ ಸರ್ಕಾರದ ಗ್ಯಾರಂಟಿ ಇಲ್ಲ. ವೆಸ್ಟ್‌ಎಲ್‌ಬಿ ಅನ್ನುವ ಜರ್ಮನಿಯ ಸರ್ಕಾರಿ ಬ್ಯಾಂಕು ಒಡೆದು 2002ರಲ್ಲಿ, ಉತ್ತೇಜನದ ಕೆಲಸಕ್ಕೆಂದೇ, ಎನ್‌ಆರ್‌ಡಬ್ಲ್ಯು ಬ್ಯಾಂಕ್ ಹೊರಬಂದದ್ದೂ ಇದೇ ಹೊತ್ತಿನಲ್ಲಿ.

ಇನ್ನೊಂದು, ಕನ್ನಡದಲ್ಲಿ ನಾವು 'ಅಭಿವೃದ್ಧಿ ಬ್ಯಾಂಕ್' ಅಂದಾಗ ಎರಡು ಬೇರೆ ಕೆಲಸಗಳು ಒಂದೇ ಹೆಸರಿನಡಿ ಸೇರಿಬಿಡುತ್ತವೆ. ತನ್ನ ದೇಶದೊಳಗಿನ ಉದ್ಯಮ, ಮನೆ, ಪುರಸಭೆಗೆ ಸಾಲ ಕೊಡುವುದು ಒಂದು, ಅದಕ್ಕೆ 'ಉತ್ತೇಜನ ಬ್ಯಾಂಕ್' ಅನ್ನೋಣ. ಹೊರದೇಶಗಳಿಗೆ ಸಾಲ ಕೊಡುವುದು ಇನ್ನೊಂದು. ಕೆಎಫ್‌ಡಬ್ಲ್ಯು ಒಂದೇ ಮನೆಯಲ್ಲಿ ಎರಡನ್ನೂ ಮಾಡುತ್ತದೆ. ಫ್ರಾನ್ಸಿನಲ್ಲಿ ಹೊರದೇಶದ ಕೆಲಸ ಎಎಫ್‌ಡಿ ಅನ್ನುವ ಬೇರೆ ಸಂಸ್ಥೆಯದು, ಡಚ್ಚರಲ್ಲಿ 1970ರ ಎಫ್‌ಎಂಒದು. ಬೆಂಗಳೂರು ಮೆಟ್ರೋಗೆ ಎಎಫ್‌ಡಿಯೂ ಸಾಲ ಕೊಟ್ಟಿದೆ, ಯೂರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ 50 ಕೋಟಿ ಯೂರೋ ಕೊಟ್ಟಿದೆ. ಆದರೆ ಈ ಬ್ಯಾಂಕು ಯಾವ ಒಂದು ದೇಶದ್ದೂ ಅಲ್ಲ, 27 ಸದಸ್ಯ ದೇಶಗಳು ಸೇರಿ ಒಡೆಯರು. ಅದನ್ನು ನಿಮ್ಮ ಆರರ ಸಾಲಿಗೆ ತರಬೇಡಿ.

ಅಂದಹಾಗೆ ಒಂದು ಕಾಕತಾಳೀಯ ಇದೆ. ನಮ್ಮ ಐಎಫ್‌ಸಿಐ (ಕೈಗಾರಿಕೆಗೆ ದೀರ್ಘಾವಧಿ ಸಾಲ ಕೊಡಲು ಹುಟ್ಟಿದ ಸಂಸ್ಥೆ) ಶುರುವಾದದ್ದೂ 1948ರಲ್ಲೇ, ಕೆಎಫ್‌ಡಬ್ಲ್ಯು ಹುಟ್ಟಿದ ವರ್ಷ. ಆಮೇಲೆ 1955ಕ್ಕೆ ಐಸಿಐಸಿಐ, 1964ಕ್ಕೆ ಐಡಿಬಿಐ ಇದೇ ಕೆಲಸಕ್ಕೆ ಬಂದವು. ತೊಂಬತ್ತರ ದಶಕದ ಸುಧಾರಣೆಯಲ್ಲಿ ರಿಸರ್ವ್ ಬ್ಯಾಂಕಿನ ಅಗ್ಗದ ದೀರ್ಘಾವಧಿ ನಿಧಿಯೂ, ಬ್ಯಾಂಕುಗಳು ಕಡ್ಡಾಯವಾಗಿ ಕೊಳ್ಳುತ್ತಿದ್ದ ಸರ್ಕಾರಿ ಗ್ಯಾರಂಟಿ ಬಾಂಡುಗಳೂ ಇವುಗಳ ಕೈತಪ್ಪಿದವು. 10-15 ವರ್ಷದ ಸಾಲ ಕೊಡಬೇಕು, ದುಡ್ಡು ಮಾತ್ರ ಮಾರುಕಟ್ಟೆ ದರದಲ್ಲಿ, ಕಡಿಮೆ ಅವಧಿಗೆ ತರಬೇಕು. 2002ರಲ್ಲಿ ಐಸಿಐಸಿಐ ತನ್ನದೇ ಬ್ಯಾಂಕಿನಲ್ಲಿ ವಿಲೀನವಾಯಿತು, 2004ರಲ್ಲಿ ಐಡಿಬಿಐ ಸಾಮಾನ್ಯ ಬ್ಯಾಂಕಾಯಿತು. ಅದೇ ಹೊತ್ತಿಗೆ ಜರ್ಮನಿ ತನ್ನ ಬ್ಯಾಂಕಿಗೆ ಕಾನೂನಿನಲ್ಲೇ ಗ್ಯಾರಂಟಿ ಬರೆದುಕೊಟ್ಟಿತ್ತು. ಎರಡೂ ಕಡೆ ಒಂದೇ ದಶಕ, ತೀರ್ಮಾನ ಮಾತ್ರ ತದ್ವಿರುದ್ಧ. ದುಡ್ಡಿನ ಮೂಲದ ಕಾಲಂ ಮೊದಲು ಬರಲಿ ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ಭತ್ತದಕಣಜ, ಗಂಗಾವತಿ:

ಕೌಂಟರಿನ ಕಾಲಮ್ಮಿಗೂ ಇಲ್ಲಿಯ ಜೋಡಿ ಸಿಗತಾವ್ರಿ. ಸಣ್ಣ ಉದ್ದಿಮೆಗಂತ ಇರೋ ಸಿಡ್ಬಿ ಬ್ಯಾಂಕುಗಳಿಗೆ ರಿಫೈನಾನ್ಸ್ (ಅವು ಕೊಡೋ ಸಾಲಕ್ಕ ಹಿಂದಿನಿಂದ ದುಡ್ಡು) ಕೊಡೋದು ಮನೆಬ್ಯಾಂಕ್ ಪದ್ಧತಿಗೆ ಹತ್ತರ. 1959ರ ರಾಜ್ಯ ಹಣಕಾಸು ನಿಗಮ ಕೆಎಸ್‌ಎಫ್‌ಸಿ ತನ್ನ ಶಾಖೆಯೊಳಗ ತಾನೇ ಅರ್ಜಿ ತಗೊಂಡು ತಾನೇ ಸಾಲ ಕೊಡೋದು ನೇರ ಸಾಲ. ಹುಡುಗ್ರಿಗೆ ಇವೆರಡೂ ಗೊತ್ತಿರೋ ಹೆಸರು, ಪಟ್ಟಿ ಕೆಳಗ ಎರಡು ಸಾಲು ಹಾಕ್ರಿ.

ಕೋಟೆಕಲ್ಲು, ಬಳ್ಳಾರಿ:

ಎಲ್ಲರ ಸಲಹೆಯಂತೆ ತಿದ್ದಿದ್ದೇನೆ. ಕಾಲಂಗಳು ಈಗ: ದುಡ್ಡಿನ ಮೂಲ, ಸರ್ಕಾರದ ಗ್ಯಾರಂಟಿ ಯಾವ ರೂಪದಲ್ಲಿ, ಕೌಂಟರು ಯಾರದು, ನಷ್ಟದ ಪಾಲು, ಹೊರದೇಶದ ಕೆಲಸ ಇದೆಯೋ ಇಲ್ಲವೋ. ಒಟ್ಟು ಆಸ್ತಿಯನ್ನು ಬ್ಯಾಂಕಿನ ಸ್ವಂತ ಲೆಕ್ಕದಿಂದ ತೆಗೆದು ಅಡಿಟಿಪ್ಪಣಿಗೆ ಹಾಕಿದೆ. ಐಸಿಒ ಸಾಲಿನಲ್ಲಿ ಕೌಂಟರು 'ಖಾಸಗಿ ಬ್ಯಾಂಕ್', ನಷ್ಟ 'ಖಾಸಗಿ ಬ್ಯಾಂಕಿನದು' ಅಂತ ಬರೆದಿದ್ದೇನೆ, ಸರಿಯೇ?

ಹೂಬಳ್ಳಿ, ರಾಯಚೂರು:

ಮಾಮೂಲಿ ಐಸಿಒ ಸಾಲಕ್ಕೆ ಸರಿ ಸರ್. ಅಲ್ಲಿ ಐಸಿಒ ಬ್ಯಾಂಕಿಗೆ ದುಡ್ಡು ಒದಗಿಸುತ್ತದೆ, ಅಪಾಯ ಬ್ಯಾಂಕಿನದು. ಆದರೆ 2020ರ ಮಾರ್ಚಿನಲ್ಲಿ ಸ್ಪೇನ್ ಸರ್ಕಾರ ಐಸಿಒ ಮೂಲಕ 10 ಸಾವಿರ ಕೋಟಿ ಯೂರೋ ಗ್ಯಾರಂಟಿ ತೆರೆದಾಗ ಸಣ್ಣ ಉದ್ಯಮದ ಸಾಲದ 80% ನಷ್ಟ ಸರ್ಕಾರದ ಮೇಲೆ ಬಂತು, ಐಸಿಒ ಬರೀ ಲೆಕ್ಕ ನಡೆಸಿತು. ಆದ್ದರಿಂದ ಪಟ್ಟಿಯ ಆ ಸಾಲನ್ನು ಎರಡಾಗಿ ಒಡೆಯಿರಿ. ಫ್ರಾನ್ಸಿನದೂ ಅದೇ ಕಥೆ: 2020ರ 30 ಸಾವಿರ ಕೋಟಿ ಯೂರೋ ಗ್ಯಾರಂಟಿಯನ್ನು ನಡೆಸಿದ್ದು ಬಿಪಿಐಫ್ರಾನ್ಸ್, ಹೊಣೆ ಮಾತ್ರ ಸರ್ಕಾರದ್ದು, ಕಂಪನಿಯ ಗಾತ್ರ ನೋಡಿ 90, 80, 70% ಅಂತ ಮೂರು ಹಂತ. ಅದು ಬಿಪಿಐಫ್ರಾನ್ಸಿನ ಸ್ವಂತ ಗ್ಯಾರಂಟಿ ಕಾಲಮ್ಮಿನಲ್ಲಿ ಬಂದಿದ್ದರೆ ತೆಗೆದು ಬೇರೆ ಇಡಿ.